ಕೀನ್ಯಾ ಹುಡುಗಿಗೆ ಸಿಗದ ಕುರಿ ಲೆಕ್ಕ

ನನ್ನ ಮೊಮ್ಮಗಳ ಬಾಯಲ್ಲಿ ಬೆಳಗಿಂದ ಸಂಜೆವರೆಗೆ ಇರುವ ಮಾತು ಒಂದೇ. "ಇದಕ್ಕೆ ಆಧಾರ ಎಲ್ಲಿ?" ಹಿರಿಯೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅದನ್ನು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಕೇಳಿಸಿಕೊಳ್ಳುವವರು ದೂರ ದೇಶಗಳಲ್ಲಿರುವ ಹುಡುಗ ಹುಡುಗಿಯರು. ತಮ್ಮದಲ್ಲದ ದೇಶಕ್ಕೆ ಓದಲು ಹೋಗಿ, ತಮ್ಮದಲ್ಲದ ಭಾಷೆಯಲ್ಲಿ ಸಂಶೋಧನಾ ಪ್ರಬಂಧ ಬರೆಯುತ್ತಿರುವವರು. ಅವರು ಬರೆದದ್ದನ್ನು ಇವಳು ಓದಿ ತಿದ್ದುವುದನ್ನು ಕಲಿಸುತ್ತಾಳೆ. ಈ ಮಾತು ನಿನ್ನದೋ, ಪುಸ್ತಕದ್ದೋ? ಪುಸ್ತಕದ್ದಾದರೆ ಯಾರು ಹೇಳಿದ್ದು ಅಂತ ಬರೆ. ನಿನ್ನದಾದರೆ ನಿನಗೆ ಹೇಗೆ ಗೊತ್ತಾಯಿತು ಅಂತ ಬರೆ.

ಮೊದಮೊದಲು ನನಗೆ ಇದೊಂದು ತಮಾಷೆ. ಮಗ ಊಟಕ್ಕೆ ಕೂತು "ಅಮ್ಮ, ಸಾರಿಗೆ ಉಪ್ಪು ಜಾಸ್ತಿ ಆಗೈತೆ" ಅಂದರೆ, "ಆಧಾರ ಎಲ್ಲೈತಪ್ಪ?" ಅನ್ನುತ್ತಿದ್ದೆ. ಅವನು ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದ. ಮೊಮ್ಮಗಳು ನಗುತ್ತಿರಲಿಲ್ಲ. ಅವಳಿಗೆ ಅದು ಹೊಟ್ಟೆಪಾಡೂ ಹೌದು, ವ್ರತವೂ ಹೌದು. ಕೆಲವರು "ಮೇಡಂ, ನೀವೇ ಬರೆದುಬಿಡಿ, ನಾವು ಹೆಸರು ಹಾಕಿಕೊಳ್ಳುತ್ತೇವೆ" ಅಂತ ಕೇಳುತ್ತಾರಂತೆ. ಅಂಥವರ ಕೆಲಸವನ್ನು ಅವಳು ಅಲ್ಲಿಗೇ ಬಿಟ್ಟುಬಿಡುತ್ತಾಳೆ.

"ಬರ್ಕೊಟ್ರೆ ಬೇಗ ಮುಗಿತದಲ್ಲೇ," ಅಂದೆ ಒಂದು ಸಲ.

"ನಿನ್ ಹಲ್ಲಿನ ಸೆಟ್ಟು ಬೇರೆಯೋರು ಹಾಕ್ಕಂಡು ಉಂಡ್ರೆ ನಿನ್ ಹೊಟ್ಟೆ ತುಂಬ್ತದಾ ಅಜ್ಜಿ?"

ಅವಳ ನಾಲಿಗೆ ನನ್ನದೇ. ಬೇರೆ ಯಾರದ್ದೂ ಅಲ್ಲ.

ಹಾಗೆ ಅವಳ ಹತ್ತಿರ ಕಲಿಯಲು ಬಂದವರಲ್ಲಿ ಒಬ್ಬಳು ಕೀನ್ಯಾ ದೇಶದವಳು. ಓದುತ್ತಿದ್ದದ್ದು ಇಂಗ್ಲೆಂಡಿನಲ್ಲಿ. ಮನೆಯೊಳಗೂ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿರುತ್ತಿದ್ದಳು. ನಾನು ಹಪ್ಪಳದ ಹಿಟ್ಟು ನಾದುತ್ತಾ ಮಹಡಿಯ ಬಾಗಿಲಲ್ಲಿ ಕೂತಿರುವುದು ಅವಳಿಗೆ ಕಾಣುತ್ತಿತ್ತಂತೆ. ಒಂದು ದಿನ ಅದ್ಯಾರು ಅಂತ ಕೇಳಿದಳು. ಅವತ್ತಿನಿಂದ ಪಾಠ ಶುರುವಾಗುವ ಮೊದಲು "ಅಜ್ಜಿ, ಊಟ ಆಯ್ತಾ?" ಅನ್ನುವುದನ್ನು ಕಲಿತಳು. ನಾನು ಉಂಡಿರಲಿ ಬಿಡಲಿ, "ಆತು ಕಣವ್ವ" ಅನ್ನುತ್ತಿದ್ದೆ.

ಅವಳ ಪ್ರಬಂಧ ಕುರಿ ದನ ಮೇಯಿಸುವವರ ಬಗ್ಗೆ. ಮಳೆ ಕಮ್ಮಿ ಇರುವ ಸೀಮೆಗಳಲ್ಲಿ ಮಂದೆಗಳು ಕರಗುತ್ತಿವೆಯೇ, ಕರಗಿದರೆ ಯಾಕೆ, ಇದು ಅವಳ ಪ್ರಶ್ನೆ. ತನ್ನ ನಾಡಿನ ಜೊತೆ ಇನ್ನೊಂದು ದೇಶದ ಒಣಸೀಮೆಯನ್ನು ಇಟ್ಟು ನೋಡಬೇಕಿತ್ತು. ಅದನ್ನು ಪುಸ್ತಕ ನೋಡಿ ಬರೆದಿದ್ದಳು. ಅವಳ ಗೈಡ್ ಒಪ್ಪಲಿಲ್ಲ. ನಿಜವಾಗಿ ಕುರಿ ಕಾಯುವವರನ್ನು ಮಾತಾಡಿಸಿ ಬಾ ಅಂದಿದ್ದರು. ಒಂದು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಆ ತಿಂಗಳ ಕೊನೆಗೆ ಪ್ರಬಂಧ ಕೊಡದಿದ್ದರೆ ಓದು ಅರ್ಧಕ್ಕೇ ನಿಲ್ಲುತ್ತದೆ, ಆ ದೇಶದಲ್ಲಿ ಇರಲು ಕೊಟ್ಟ ಅನುಮತಿಯೂ ಮುಗಿಯುತ್ತದೆ. ತನ್ನ ಹಟ್ಟಿಯಿಂದ ಓದಲು ಹೊರಟ ಮೊದಲ ಹೆಣ್ಣುಮಗಳು ಬರಿಗೈಯಲ್ಲಿ ವಾಪಸ್ಸು ಹೋಗಬೇಕು.

ಮೊಮ್ಮಗಳು ಇದನ್ನು ಊಟದ ಹೊತ್ತಲ್ಲಿ ಹೇಳಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕುರಿ ಕಾಯೋರು ಬೇಕಂತೇನೆ? ನಮ್ ತಮ್ಮ ಅವ್ನಲ್ಲ. ಅವನ್ಗಿಂತ ಆಧಾರ ಬೇಕಾ ನಿಂಗೆ?"

ನಾನು ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದ ಹತ್ತಿರದ ಒಂದು ಹಟ್ಟಿಯಲ್ಲಿ. ನನ್ನನ್ನು ಹಿರಿಯೂರಿಗೆ ಕೊಟ್ಟ ಮೇಲೆ ನನ್ನ ಕೈಯಿಂದ ಕುರಿಯ ವಾಸನೆ ಹೋಯಿತು. ತಮ್ಮ ಮಾತ್ರ ಈಗಲೂ ಮಂದೆಯ ಹಿಂದೆಯೇ ಇದ್ದಾನೆ.

ವಿಡಿಯೋ ಕರೆ ಮಾಡಿದೆವು. ತಮ್ಮ ಒಂದು ಬೇವಿನ ಮರದ ಕೆಳಗೆ ಕೂತಿದ್ದ. ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಿದ್ದವು. ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಮೊಮ್ಮಗಳು ಕನ್ನಡಕ್ಕೆ ತಂದಳು. ಮೊಮ್ಮಗಳ ಪೇಟೆ ಕನ್ನಡ ತಮ್ಮನಿಗೆ ಹತ್ತದಿದ್ದ ಕಡೆ ನಾನು ಬಿಡಿಸಿ ಹೇಳಿದೆ. ಎಷ್ಟು ದೂರ ಹೋಗುತ್ತೀರಿ, ಯಾವ ಸೊಪ್ಪು ತಿನ್ನುತ್ತವೆ, ಬೇಸಗೆಯಲ್ಲಿ ನೀರೆಲ್ಲಿ, ಎಲ್ಲಕ್ಕೂ ತಮ್ಮ ಉತ್ಸಾಹದಿಂದ ಹೇಳಿದ. ಆಮೇಲೆ ಅವಳು ಮುಖ್ಯವಾದದ್ದಕ್ಕೆ ಬಂದಳು.

"ನಿಮ್ಮಪ್ಪನ ಕಾಲದಲ್ಲಿ ಎಷ್ಟು ಕುರಿ ಇದ್ವು ಅಂತ ಕೇಳ್ತಾಳೆ ತಾತ."

"ಅಪ್ಪನ್ ಕಾಲ್ದಾಗಾ? ಮುನ್ನೂರರ ಮ್ಯಾಲಿದ್ವು. ಹಟ್ಟಿ ಬಾಗ್ಲಾಗೆ ನಿಂತ್ರೆ ಆ ಕಡೆ ನೆಲ ಕಾಣ್ತಿರ್ಲಿಲ್ಲ ತಾಯಿ!"

"ಈಗ?"

ತಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಈಗೇನೈತವ್ವ. ಒಂದ್ ಅರವತ್ತು ಕುಂಟ್ತಾ ಕುಂಟ್ತಾ ಅವೆ."

ಹೇಳಿ ನನ್ನ ಮುಖ ನೋಡಿದ. ನಾನೂ ಅವನ ಮುಖ ನೋಡಿದೆ. ಇಬ್ಬರಿಗೂ ಒಳಗೊಳಗೇ ನಗು. ಆಮೇಲೆ ಅವನು ಫೋನನ್ನು ಹಟ್ಟಿಯ ಇನ್ನಿಬ್ಬರಿಗೆ ಕೊಟ್ಟ. ಅವರೂ ಅದೇ ಹಾಡು ಹಾಡಿದರು. ಹಿಂದೆ ಭಾರೀ ಇದ್ದವು, ಈಗ ಏನೂ ಇಲ್ಲ.

ನಮ್ಮಲ್ಲಿ ಉಸಿರಾಡುವ ಕುರಿಯ ಲೆಕ್ಕವನ್ನು ಹೊರಗಿನವರಿಗೆ ಹೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೂ ಐದಾರು ಅನ್ನುತ್ತೇವೆ, ಹತ್ತು ಅನ್ನುತ್ತೇವೆ. ಲೆಕ್ಕ ಬಾಯಿಗೆ ಬಂದರೆ ಮಂದೆಗೆ ಕಣ್ಣು ಬೀಳುತ್ತದೆ. ಸತ್ತುಹೋದ ಅಪ್ಪನ ಮಂದೆಗೆ ಆ ಭಯವಿಲ್ಲ, ಅದಕ್ಕೆ ಇನ್ನು ಯಾರ ಕಣ್ಣು ಬಿದ್ದರೇನು? ಅದನ್ನು ಧಾರಾಳವಾಗಿ ಹೇಳಬಹುದು. ಇದನ್ನು ನಮ್ಮವರು ಯಾರೂ ಸುಳ್ಳು ಅಂದುಕೊಳ್ಳುವುದಿಲ್ಲ. ಹಸಿದಿದ್ದರೂ ಊಟ ಆಯಿತು ಅಂದ ಹಾಗೆ, ಅಷ್ಟೇ. ಪೇಟೆಯಲ್ಲಿ ಹುಟ್ಟಿ ಬೆಳೆದ ಮೊಮ್ಮಗಳಿಗೆ ಇದು ಗೊತ್ತಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಲೆಕ್ಕವನ್ನು ಹುಡುಗಿ ಏನೋ ಉಪಚಾರಕ್ಕೆ ಕೇಳುತ್ತಿದ್ದಾಳೆ ಅಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಮೊಮ್ಮಗಳ ಕಂಪ್ಯೂಟರಿನಲ್ಲಿ ಒಂದು ಚಿತ್ರ ಕಂಡೆ. ಎಡಗಡೆ ಎತ್ತರದಲ್ಲಿ ಶುರುವಾದ ಕೆಂಪು ಗೆರೆ, ಜಾರುಬಂಡೆಯ ಹಾಗೆ ಇಳಿದು ಬಲಗಡೆ ನೆಲ ಮುಟ್ಟಿತ್ತು.

"ಇದೇನೇ?"

"ನಿನ್ ತಮ್ಮನ ಹಟ್ಟಿ ಕುರಿ ಅಜ್ಜಿ. ಹೆಂಗೆ ಕಮ್ಮಿ ಆಗವೆ ನೋಡು. ಅವಳ ಪ್ರಬಂಧ ನಿಂತಿರೋದೇ ಇದ್ರ ಮೇಲೆ. ಗೈಡು ಓದಿ ಪರವಾಗಿಲ್ಲ ಅಂದ್ರಂತೆ."

ಬದುಕಿ ಮೇಯುತ್ತಿರುವ ಕುರಿಗಳನ್ನು ಗೆರೆ ಎಳೆದು ನೆಲಕ್ಕೆ ಇಳಿಸಿದ್ದರು. ಕಣ್ಣು ಬೀಳಬಾರದು ಅಂತ ಕಮ್ಮಿ ಹೇಳಿದ್ದು, ಈಗ ಕಮ್ಮಿಯೇ ಕಾಗದದ ಮೇಲೆ ಬಂದು ಕೂತಿದೆ. ಆದರೂ ಬಾಯಿ ಬಿಡಲಿಲ್ಲ. ಹುಡುಗಿಯ ಓದು ಮುಗಿಯುತ್ತದಲ್ಲ, ಮುಗಿಯಲಿ ಅಂದುಕೊಂಡೆ.

ಗೈಡ್ ಮಾತ್ರ ಮಂದೆಯದೊಂದು ಫೋಟೋ ಬೇಕು ಅಂದರು. ಮೊಮ್ಮಗಳು ತಮ್ಮನ ಸೊಸೆಗೆ ಹೇಳಿ ಕಳಿಸಿದಳು. ಆ ಹೆಣ್ಣುಮಗಳು ಫೋಟೋ ಯಾಕೆ ಅಂತ, ಮಂದೆ ಕೆರೆಯಲ್ಲಿ ನೀರು ಕುಡಿಯುವ ಚಂದದ ವಿಡಿಯೋ ಒಂದನ್ನೇ ಕಳಿಸಿದಳು. ಮೊಮ್ಮಗಳು ನೋಡಿದಳು, ಮತ್ತೆ ನೋಡಿದಳು. ಕುರಿ ಬರುತ್ತಲೇ ಇದ್ದವು.

"ಅಜ್ಜಿ, ಇವು ಅರವತ್ತಾ?"

"ಪಕ್ಕದೋರ್ವೂ ಸೇರ್ಕಂಡಿರ್ತವೆ ಬಿಡೇ."

"ಪಕ್ಕದೋರು ಎಲ್ಲಿ ಅವ್ರೆ? ಇದ್ರಾಗೆ ತಾತ ಒಬ್ನೇ ಕೋಲು ಹಿಡ್ಕಂಡಿರೋದು." ವಿಡಿಯೋ ನಿಲ್ಲಿಸಿ, ಗಾಜಿನ ಮೇಲೆ ಬೆರಳಿಟ್ಟು ಒಂದು, ಎರಡು ಅಂತ ಶುರು ಮಾಡಿದಳು.

"ಬೆರಳಿಡಬ್ಯಾಡ, ಕಣ್ಣು ಬೀಳ್ತದೆ!" ಅಂತ ಕೂಗಿ ಫೋನ್ ಕಿತ್ತುಕೊಂಡೆ. ಅವಳಿಗೆ ಮಿಕ್ಕದ್ದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ಎಲ್ರೂ ಹಿಂಗೇ ಹೇಳಿದ್ದಾ? ಆ ಇನ್ನಿಬ್ರೂ?"

"ಎಲ್ರೂ ಇಂಗೇ ಹೇಳದು."

"ನೀನು ಮಧ್ಯ ಕುಂತಿದ್ದಲ್ಲ ಅಜ್ಜಿ. ನಂಗಾದ್ರೂ ಒಂದ್ ಮಾತು ಹೇಳ್ಬೋದಿತ್ತು." ಅವಳ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸುತ್ತಿದ್ದೆ. "ನಾನು ಆ ಹುಡ್ಗಿಗೆ ಸಾಲು ಸಾಲಿಗೂ ಆಧಾರ ಎಲ್ಲಿ ಅಂತ ಪ್ರಾಣ ತಿಂದೆ. ನಾನು ಕೊಡಿಸಿದ ಆಧಾರನೇ ಇಂಗೆ."

ಸುಮ್ಮನೆ ವಿಡಿಯೋ ನೋಡಿ ಎಣಿಸಿಬಿಡಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಭಯ ಇದ್ದದ್ದು ಅದೇ. ಮೊಮ್ಮಗಳೇ ಬೇಡ ಅಂದಳು. ಒಬ್ಬರು ಹೇಳಲು ಒಪ್ಪದ ಸಂಗತಿಯನ್ನು ಅವರಿಗೆ ಗೊತ್ತಿಲ್ಲದ ಹಾಗೆ ಎತ್ತಿಕೊಂಡು ಬರೆಯುವ ಹಾಗಿಲ್ಲವಂತೆ. ತಮ್ಮ ಒಪ್ಪಬೇಕು. ಗಡುವಿಗೆ ಇನ್ನು ವಾರವೂ ಇರಲಿಲ್ಲ.

ಮಾರನೇ ದಿನ ಬೆಳಗ್ಗೆ ಹೊಸದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಶ್ರೀರಾಂಪುರದ ಬಸ್ಸು. ಮೊಮ್ಮಗಳು ತಾನೂ ಬರುತ್ತೇನೆ ಅಂದಳು. ಬೇಡ ಅಂದೆ. ಅವಳ ಮುಂದೆ ತಮ್ಮ ಬಾಯಿ ಬಿಡುವುದಿಲ್ಲ ಅನ್ನುವುದು ಒಂದು. ದಾರಿಯುದ್ದಕ್ಕೂ ಅವಳ ಮೌನ ಹೊತ್ತುಕೊಂಡು ಹೋಗುವ ಶಕ್ತಿ ನನಗಿರಲಿಲ್ಲ ಅನ್ನುವುದು ಇನ್ನೊಂದು.

ತಮ್ಮ ಅವತ್ತು ಒಬ್ಬ ರೈತನ ಕೊಯ್ಲಾದ ಹೊಲದಲ್ಲಿದ್ದ. ಗೊಬ್ಬರಕ್ಕೆ ಅಂತ ರಾತ್ರಿ ಅಲ್ಲಿ ಮಂದೆ ನಿಲ್ಲಿಸುತ್ತಾರೆ. ಕುರಿಗಳು ಮೇಯಲು ಹೋಗಿದ್ದವು. ಮಂದೆಯ ಸುತ್ತ ಕಟ್ಟುವ ಬಲೆಗೆ ಗೂಟ ನೆಡುತ್ತಿದ್ದವನು ನನ್ನನ್ನು ಕಂಡು ಕಂಬಳಿ ಹಾಸಿದ.

"ಏನಕ್ಕ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?"

"ನಿನ್ ಮಕ ನೋಡಾಣ ಅಂತ ಬಂದೆ ಕಣಲೇ."

"ನನ್ ಮಕ ಫೋನಾಗೆ ದಿನಾ ನೋಡ್ತೀಯ. ಏನ್ ಬೆಳ್ದೈತೆ ಇದ್ರಾಗೆ ಹೊಸದು? ಕೆಲ್ಸ ಹೇಳು."

ಹೇಳಿದೆ. ಹುಡುಗಿಯ ಪ್ರಬಂಧ, ಕೆಂಪು ಗೆರೆ, ಗಡುವು, ಎಲ್ಲ ಹೇಳಿದೆ. ಅವನು ಗೂಟದ ತಲೆಯನ್ನು ಸವರುತ್ತಾ ಕೇಳಿಸಿಕೊಂಡ.

"ಆ ಹುಡ್ಗಿನ ನೆನೆಸ್ಕಂಡ್ರೆ ನಂಗೂ ಸಂಕ್ಟ ಆಯ್ತದಕ್ಕ. ಒಳ್ಳೇ ಹುಡ್ಗಿ. ನನ್ ಕಂಬ್ಳಿ ಯಾರ್ ನೇಯ್ದಿದ್ದು ಅಂತ ಕೇಳಿದ್ಲು, ಇಲ್ಲಿವರ್ಗೂ ಯಾರೂ ಕೇಳಿರ್ಲಿಲ್ಲ. ಅವ್ಳಿಗೆ ಒಂದ್ ಟಗರು ಬೇಕಾ, ಕೊಡ್ತೀನಿ. ಲೆಕ್ಕ ಕೇಳ್ಬ್ಯಾಡ."

"ಟಗರು ತಗಂಡು ಇಂಗ್ಲೆಂಡಾಗೆ ಏನ್ ಮಾಡ್ತಾಳ್ಲೇ?"

"ಲೆಕ್ಕ ತಗಂಡು ಏನ್ ಮಾಡ್ತಾಳೆ?"

"ಓದು ಮುಗಿಸ್ತಾಳೆ."

ಅಷ್ಟು ಹೊತ್ತಿಗೆ ಅವನ ಮಗ ಮಂದೆಯನ್ನು ಹೊಡೆದುಕೊಂಡು ಬಂದ. ಧೂಳು, ಮರಿಗಳ ಕೂಗು. ತಮ್ಮ ಬಲೆಯ ಬಾಯಲ್ಲಿ ನಿಂತ. ಅವನು ಎಣಿಸುವುದಿಲ್ಲ, ಯಾವತ್ತೂ ಎಣಿಸಿದವನಲ್ಲ. ಒಳಗೆ ಹೋಗುವ ಮುಖಗಳನ್ನು ನೋಡುತ್ತಾನೆ, ಯಾವ ಮುಖ ಬರಲಿಲ್ಲ ಅನ್ನುವುದು ಅವನಿಗೆ ತಿಳಿಯುತ್ತದೆ. "ಅಕ್ಕ, ಬಾ ಇಲ್ಲಿ," ಅಂದ. "ನಿಂಗೆ ಎಣಿಸಾಕೆ ಬರ್ತದೆ. ನನ್ಗಿಂತ ಓದ್ದೋಳು. ಎಣಿಸಿ ಬಾಯ್ಬಿಟ್ಟು ಹೇಳು. ನಾನ್ ಬ್ಯಾಡ ಅನ್ನಲ್ಲ, ನಮ್ಮಪ್ಪನಾಣೆ."

ನಾನು ಬಲೆಯ ಬಾಯಲ್ಲಿ ನಿಂತೆ. ಮೊದಲ ಕುರಿ ಹೋಯಿತು. ಆಮೇಲಿನದು ಹೋಯಿತು. ಒಂದು ಅಂತ ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ.

ನಾನು ಸಣ್ಣವಳಿದ್ದಾಗ ಕುರಿ ಲೆಕ್ಕ ಬರೆದುಕೊಳ್ಳಲು ಪೆನ್ಸಿಲ್ ಹಿಡಿದ ಒಬ್ಬ ಮನುಷ್ಯ ನಮ್ಮ ಹಟ್ಟಿಗೆ ಬಂದಿದ್ದ. ರೊಪ್ಪದಿಂದ ಹೊರಗೆ ಬರುವ ಒಂದೊಂದೇ ಕುರಿಯ ಬೆನ್ನಿಗೆ ಕಡ್ಡಿ ಮುಟ್ಟಿಸಿ ಜೋರಾಗಿ ಎಣಿಸಿಕೊಂಡು ಹೋದ. ಆ ಮಳೆಗಾಲದಲ್ಲಿ ಕುರಿಗಳ ನಾಲಿಗೆ ನೀಲಿಯಾಯಿತು. ಅವ್ವ ಸತ್ತ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ದೂರ ಹಾಕಿ ಬಂದಳು. ಕಡ್ಡಿಗೂ ನಾಲಿಗೆಗೂ ಸಂಬಂಧವಿಲ್ಲ, ಅದು ಸೊಳ್ಳೆಯಂಥ ಹುಳದಿಂದ ಬರುವ ಜಾಡ್ಯ ಅಂತ ಮೊಮ್ಮಗಳು ನನಗೆ ಫೋನಿನಲ್ಲೇ ತೋರಿಸಿದ್ದಾಳೆ. ಒಪ್ಪಿದ್ದೇನೆ. ದೆವ್ವ ಭೂತ ಅಂದವರನ್ನು ಆಡಿಕೊಂಡು ನಕ್ಕವಳು ನಾನು. ಆದರೂ ಬಲೆಯ ಬಾಯಲ್ಲಿ ನಿಂತಾಗ ಕಂಡದ್ದು ಅವ್ವನ ಬುಟ್ಟಿಯೇ.

ಕುರಿಗಳೆಲ್ಲ ಒಳಗೆ ಹೋದವು. ತಮ್ಮ ಬಲೆ ಕಟ್ಟಿದ.

"ಆಗ್ಲಿಲ್ಲ ಅಲ್ವಾ?" ಅಂದ, ಮೆಲ್ಲಗೆ. ಗೆದ್ದ ದನಿ ಅಲ್ಲ ಅದು. "ಹೋಗ್ಲಿ. ನಾವು ಹೇಳಿದ್ದು ದಿಟ ಅಲ್ಲ ಅಂತ ಬೇಕಾರೆ ಬರ್ಕಳ್ಳಿ. ಅದಕ್ಕೆ ನಂದೇನೂ ಇಲ್ಲ. ದಿಟದ್ದು ಮಾತ್ರ ಕೇಳ್ಬ್ಯಾಡ ಅನ್ನು."

ಎಷ್ಟಿದ್ದವು ಅಂತ ನಿಮಗೂ ಹೇಳುವುದಿಲ್ಲ. ಅರವತ್ತಲ್ಲ.

ಹಿರಿಯೂರಿಗೆ ಬಂದ ಮರುದಿನ ಮೊಮ್ಮಗಳು ಹುಡುಗಿಗೆ ಕರೆ ಮಾಡಿದಳು. ಹುಡುಗಿ "ಅಜ್ಜಿ, ಊಟ ಆಯ್ತಾ?" ಅಂದಳು. ಅವತ್ತು "ಇಲ್ಲ" ಅಂದೆ. ನಿಜವಾಗಿಯೂ ಉಂಡಿರಲಿಲ್ಲ. ಅವಳು ಗಾಬರಿಯಾದಳು. ಆಮೇಲೆ ಮೊಮ್ಮಗಳು ಎಲ್ಲವನ್ನೂ ಹೇಳಿದಳು. ನಾನು ಎದುರಿಗೇ ಕೂತಿದ್ದೆ. ಇಂಗ್ಲಿಷ್ ಅರ್ಥವಾಗದಿದ್ದರೂ ಅವಳು ತಲೆಯಿಂದ ಟೋಪಿ ತೆಗೆದದ್ದು ಅರ್ಥವಾಯಿತು. ಆ ಚಳಿಯಲ್ಲಿ ಅದನ್ನು ತೆಗೆದು ಮಡಿಲಲ್ಲಿ ಹಿಂಡುತ್ತಾ ಕೂತಳು.

ಆಮೇಲೆ ಏನೋ ಹೇಳಿದಳು. ಮೊಮ್ಮಗಳು ನನ್ನ ಕಡೆ ತಿರುಗಿದಳು.

"ಅವಳ ಅಜ್ಜನೂ ದನಗಳ ಲೆಕ್ಕ ಯಾರಿಗೂ ಹೇಳಲ್ವಂತೆ. ಅಲ್ಲೂ ಎಣಿಸಬಾರ್ದಂತೆ. ಅವಳೂರಿನ ಲೆಕ್ಕನ ಸರ್ಕಾರದ ಕಾಗದದಿಂದ ತಗಂಡಿದ್ದು ಅದಕ್ಕೇ ಅಂತೆ."

"ಗೊತ್ತಿದ್ದೂ ನಮ್ಮನ್ನ ಯಾಕ್ ಕೇಳಿದ್ಲೇ?"

ಮೊಮ್ಮಗಳು ಕೇಳಿದಳು. ಉತ್ತರ ಸಣ್ಣದಿತ್ತು.

"ನಿಮ್ಮ ತಮ್ಮ ಥಟ್ ಅಂತ ಹೇಳಿಬಿಟ್ರು. ಇಷ್ಟು ಸಲೀಸಾಗಿ ಹೇಳ್ತಾರೆ ಅಂದ್ರೆ ಅಲ್ಲಿ ಆ ಭಯ ಇಲ್ಲ ಅಂದ್ಕೊಂಡೆ, ಅಂತಾಳೆ." ಹುಡುಗಿ ಇನ್ನೇನೋ ಅಂದಳು. "ಅಜ್ಜಿಗೆ ಗೊತ್ತಿತ್ತಾ ಅಂತ ಕೇಳ್ತಾ ಇದಾಳೆ."

ನಾನು ಹೌದು ಅಂತ ತಲೆ ಆಡಿಸಿದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮತ್ತೆ ಟೋಪಿ ಹಾಕಿಕೊಂಡು, ಪ್ರಬಂಧ ತೆರೆಯೋಣ ಅಂದಳು.

ಅವತ್ತು ಅವರಿಬ್ಬರೂ ಆ ಕೆಂಪು ಗೆರೆಯನ್ನು ಅಳಿಸಿದರು. ಗೆರೆಯ ಜೊತೆ ಅದರ ಮೇಲೆ ಕೂತಿದ್ದ ಪುಟಗಳೂ ಹೋದವು. ಆ ಜಾಗದಲ್ಲಿ ಹುಡುಗಿ, ತನಗೆ ಕೊಟ್ಟ ಲೆಕ್ಕ ದಿಟವಲ್ಲ, ಕೊಟ್ಟವರೇ ಹಾಗಂತ ಒಪ್ಪಿದ್ದಾರೆ ಅಂತ ಬರೆದಳು. ಮೊಮ್ಮಗಳು ಒಂದು ಸಾಲನ್ನೂ ತಾನು ಬರೆದು ಕೊಡಲಿಲ್ಲ. ಆ ವಾರ ಅವಳ ಬೆರಳುಗಳು ಕೀಲಿಗಳ ಮೇಲೆ ಹೋಗಿ ಹೋಗಿ ವಾಪಸ್ಸು ಬರುವುದನ್ನು ನೋಡಿದೆ. ಬರೆದುಕೊಡಬೇಕು ಅಂತ ಅವಳಿಗೆ ಅಷ್ಟು ಆಸೆಯಾಗಿದ್ದು ಅದೇ ಮೊದಲಿರಬೇಕು.

"ಈಗ ಇರೋದೆಲ್ಲ ಗಟ್ಟಿ ಐತೆ ಅಜ್ಜಿ," ಅಂದಳು ಕೊನೆಗೆ. "ಆದ್ರೆ ಸಾಲಲ್ಲ."

ಸಾಲಲಿಲ್ಲ. ಗಡುವಿಗೆ ಕೊಟ್ಟಳು. ಗೈಡ್ ಓದಿ, ಪ್ರಾಮಾಣಿಕವಾಗಿದೆ ಆದರೆ ಅರ್ಧ ಇದೆ, ಇನ್ನೊಂದು ಸಲ ಬರೆದು ತಾ ಅಂದರು. ಬರೆಯಲು ಕಾಲ ಕೊಟ್ಟರು. ಆ ದೇಶದಲ್ಲಿ ಇರಲು ಕಾಲ ಕೊಡುವುದು ಅವರ ಕೈಯಲ್ಲಿರಲಿಲ್ಲ. ಹುಡುಗಿ ಪೆಟ್ಟಿಗೆ ಕಟ್ಟಿಕೊಂಡು ಕೀನ್ಯಾಕ್ಕೆ ಹೋದಳು.

ಈಗಲೂ ಅಲ್ಲಿಂದ ಬರೆಯುತ್ತಿದ್ದಾಳೆ. ಮೊಮ್ಮಗಳು ಈಗಲೂ ಕಲಿಸುತ್ತಾಳೆ. ಅಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು, ಮುಖ ಹಾಗೇ ಕಲ್ಲಾಗಿ ನಿಲ್ಲುತ್ತದೆ, ಬಾಯಿ ಅರ್ಧ ತೆರೆದೇ ಇರುತ್ತದೆ. ಅವಳ ತಲೆಯ ಮೇಲೆ ಟೋಪಿ ಇಲ್ಲ. ಹಿಂದೆ ಬಿಸಿಲು ಕಾಣುತ್ತದೆ. ಪಾಸಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಳ ಮನೆಯಲ್ಲಿ ಮದುವೆಯ ಮಾತು ಎತ್ತುತ್ತಿದ್ದಾರಂತೆ. ನಾನು ಈಗ ಮೊಮ್ಮಗಳನ್ನು ಆಧಾರದ ವಿಷಯಕ್ಕೆ ಗೇಲಿ ಮಾಡುವುದಿಲ್ಲ. ಉಪ್ಪು ಜಾಸ್ತಿ ಅಂದರೆ ನೀರು ಹಾಕುತ್ತೇನೆ.

ಫೋನಿನಲ್ಲಿ ಕನ್ನಡ ಒತ್ತುವುದನ್ನು ನಾನು ಕಲಿತದ್ದು ಆ ಹುಡುಗಿಗೋಸ್ಕರ. ನಾನು ಒಂದೇ ಬೆರಳಲ್ಲಿ ಒತ್ತಿ ಕಳಿಸುತ್ತೇನೆ, ಮೊಮ್ಮಗಳು ಅದನ್ನು ಇಂಗ್ಲಿಷ್ ಮಾಡಿ ಮುಂದಕ್ಕೆ ಕಳಿಸುತ್ತಾಳೆ. ಮೊದಲು ಒತ್ತಿದ್ದು "ಊಟ ಆಯ್ತಾ". ಅವಳು ಎರಡು ದಿನ ಉತ್ತರ ಕೊಡಲಿಲ್ಲ. ನೆಟ್‌ವರ್ಕ್ ಇರಲಿಲ್ಲವೋ, ಮನಸ್ಸಿರಲಿಲ್ಲವೋ. ಆಮೇಲೆ "ಆಯ್ತು ಅಜ್ಜಿ" ಅಂತ ಬಂತು. ಅದು ಎಂಥ "ಆಯ್ತು" ಅಂತ ನನಗೆ ಗೊತ್ತಿಲ್ಲ.

ಮೊನ್ನೆ ಅವಳಿಂದ ಒಂದು ವಿಡಿಯೋ ಬಂತು. ಕೆಂಪು ಮಣ್ಣಿನಲ್ಲಿ ದನಗಳು ಮನೆಗೆ ಬರುತ್ತಿವೆ. ಬಿಳಿಯವು, ಕಂದು, ಗೂನು ಬೆನ್ನಿನವು. ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಮುದುಕ. ಬರುತ್ತಲೇ ಇವೆ, ಕೊನೆ ಧೂಳಿನಲ್ಲಿ ಕಾಣುವುದಿಲ್ಲ. ಕೆಳಗೆ ಅವಳು ಬರೆದಿದ್ದನ್ನು ಮೊಮ್ಮಗಳು ಓದಿದಳು. "ಇವು ನಮ್ಮಜ್ಜನವು. ಎಷ್ಟಿರಬಹುದು, ನೋಡಿ ಹೇಳಿ ಅಜ್ಜಿ."

ಕೆಣಕುತ್ತಿದ್ದಾಳೋ, ಕ್ಷಮಿಸಿದ್ದಾಳೋ, ಅಥವಾ ಪ್ರಬಂಧಕ್ಕೇ ಕೇಳುತ್ತಿದ್ದಾಳೋ. ವಿಡಿಯೋ ಇನ್ನೊಂದು ಸಲ ನೋಡಿದೆ, ಬೆರಳನ್ನು ಗಾಜಿಗೆ ತಾಗಿಸದೆ. ಆಮೇಲೆ ಒತ್ತಿದೆ.

"ಐದಾರು ಅವೆ ಕಣವ್ವ. ಅವೂ ಬಡಕಲು."

ಮೊಮ್ಮಗಳು ಓದಿ ನನ್ನ ಮುಖ ನೋಡಿದಳು.

"ಹಿಂಗೇ ಕಳಿಸ್ಲಾ ಅಜ್ಜಿ?"

"ಹಿಂಗೇ ಕಳ್ಸು," ಅಂದೆ.